ಬೀಗದೊಳಗಿನ ರಕ್ತ

ಆಸ್ಪತ್ರೆಯ ಹಿಂಭಾಗದ ಬೀದಿಗಳಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಆದರೆ ಅವಳು ಜೀವಮಾನದಲ್ಲಿ ಯಾರಿಗೂ ಒಂದು ಸೂಜಿ ಚುಚ್ಚಿದವಳಲ್ಲ. ಚುಚ್ಚಿಸಿಕೊಳ್ಳಲು ಜನರನ್ನು ಕರೆತರುವುದು ಅವಳ ಕೆಲಸವಾಗಿತ್ತು. ಆಸ್ಪತ್ರೆಯ ರಕ್ತನಿಧಿಗೆ ಯಾವ ಗುಂಪಿನ ರಕ್ತ ಯಾವಾಗ ಬೇಕೋ, ಆ ಗುಂಪಿನ ಮನುಷ್ಯನನ್ನು ಆ ಹೊತ್ತಿಗೆ ಹಿಡಿದು ತರಬೇಕು. ಮೂಲೆಯ ಹೊಲಿಗೆ ಅಂಗಡಿಯ ದರ್ಜಿ ಅವಳನ್ನು ಕಂಡಾಗಲೆಲ್ಲ, "ದಿನವಿಡೀ ಸೂಜಿ ಹಿಡಿಯೋನು ನಾನು, ಹೆಸರು ಮಾತ್ರ ನಿನಗೆ. ಇದ್ಯಾವ ನ್ಯಾಯ ಅಕ್ಕಾ?" ಎಂದು ರೇಗಿಸುತ್ತಿದ್ದ.

ಮೊದಲು ಅವಳು ಅದೇ ಆಸ್ಪತ್ರೆಯಲ್ಲಿ ವಾರ್ಡು ಗುಡಿಸುವವಳು. ಗಂಡ ಸ್ಟ್ರೆಚರ್ ತಳ್ಳುತ್ತಿದ್ದ, ಚಿಕ್ಕ ವಯಸ್ಸಿಗೇ ಹೋದ. ಒಂದು ಸಲ ಹೆರಿಗೆ ವಾರ್ಡಿನಲ್ಲಿ ಒಬ್ಬಳು ಬಾಣಂತಿಗೆ ರಕ್ತ ಬೇಕಾಗಿ, ಅವಳ ನೆಂಟರಿಷ್ಟರೆಲ್ಲ ಗೋಡೆ ನೋಡಿಕೊಂಡು ನಿಂತಾಗ, ಇವಳು ಪೊರಕೆ ಬದಿಗಿಟ್ಟು ಬೀದಿಗೆ ಇಳಿದು ಮೂರು ಜನರನ್ನು ಕರೆದುಕೊಂಡು ಬಂದಳು. ಹೇಗೆ ಕರೆತಂದೆ ಎಂದು ಕೇಳಿದರೆ, "ಬನ್ನಿ ಅಂದೆ, ಬಂದ್ರು" ಎಂದಳಂತೆ. ಅಂದಿನಿಂದ ಪೊರಕೆ ಬೇರೆಯವರ ಕೈಗೆ ಹೋಯಿತು.

ಅವಳು ಯಾರ ಬಾಗಿಲಲ್ಲೂ ನಿಂತು ರಕ್ತ ಕೊಡಿ ಎಂದು ಕೇಳಿದವಳಲ್ಲ. ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಕುಡಿಯಲು ನೀರು ಕೇಳಿ, ನಿಧಾನವಾಗಿ ಕುಡಿದು, ಅತ್ತೆಯ ಮಂಡಿ ನೋವು ಹೇಗಿದೆ, ಮಗನ ಪರೀಕ್ಷೆ ಏನಾಯಿತು ಎಂದು ವಿಚಾರಿಸುತ್ತಿದ್ದಳು. ಏಳುವಾಗ ಮಾತ್ರ, "ನಾಡಿದ್ದು ಬೆಳಗ್ಗೆ ಹೊಟ್ಟೆ ತುಂಬ ತಿಂದು ಬಾ" ಎನ್ನುತ್ತಿದ್ದಳು. ಅಷ್ಟರಲ್ಲಿ ಮನೆಯವನ ಮುಖ ಬಿಳಿಚಿಕೊಂಡಿದ್ದರೂ ಇಲ್ಲ ಎನ್ನುವ ಹೊತ್ತು ಮೀರಿರುತ್ತಿತ್ತು.

ಓದು ಬರಹ ಅವಳಿಗೆ ಅಷ್ಟಕ್ಕಷ್ಟೆ. ಎಲ್ಲವೂ ತಲೆಯಲ್ಲಿ. ರಕ್ತ ಕೊಟ್ಟವರು ಮತ್ತೆ ಕೊಡಬೇಕಾದರೆ ಮೂರು ತಿಂಗಳು ಕಾಯಬೇಕು. ಫ್ರಿಜ್ಜಿನಲ್ಲಿಟ್ಟ ರಕ್ತ ಐದು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ. ಈ ಎರಡರ ನಡುವೆ ಅವಳ ಸಂಸಾರ. ಎಲ್ಲರನ್ನೂ ಒಟ್ಟಿಗೆ ಕರೆದರೆ ಮೊದಲು ರಕ್ತ ಕೆಡುತ್ತದೆ, ಆಮೇಲೆ ಕೊಡುವವರೇ ಇರುವುದಿಲ್ಲ. ಆದ್ದರಿಂದ ಗಂಡನನ್ನು ಕರೆದರೆ ಹೆಂಡತಿಯನ್ನು ಉಳಿಸುತ್ತಿದ್ದಳು, ಅಣ್ಣನನ್ನು ಕರೆದರೆ ತಮ್ಮನನ್ನು. ಹುರುಪಿನ ಜನ ತಾವಾಗಿ ಬಂದರೂ, "ಈಗ ಬೇಡ, ನಿನ್ನ ಸರದಿ ನಾನು ಹೇಳ್ತೀನಿ" ಎಂದು ವಾಪಸ್ಸು ಕಳಿಸುತ್ತಿದ್ದಳು.

ಈ ಲೆಕ್ಕ ಅವಳಿಗೆ ಬರೀ ಕೆಲಸವಾಗಿರಲಿಲ್ಲ. ಮಗಳ ಮಗಳು ಗುಬ್ಬಿ ಹುಟ್ಟಿದಾಗಿನಿಂದ ಬೇರೆಯವರ ರಕ್ತದಲ್ಲಿ ಬೆಳೆದ ಕೂಸು. ಅವಳ ಮೈಯಲ್ಲಿ ಆಗುವ ರಕ್ತ ಬಾಳುವುದಿಲ್ಲ, ಬೇಗ ಒಡೆದುಹೋಗುತ್ತದೆ. ಮೂರು ವಾರಕ್ಕೊಮ್ಮೆ ಹಾಕಿಸಲೇಬೇಕು. ಗುಂಪು ಓ ನೆಗೆಟಿವ್, ಬೇರೆ ಯಾವುದೂ ಅವಳಿಗೆ ಆಗುವುದಿಲ್ಲ. ಇಡೀ ಊರಿನಲ್ಲಿ ಆ ಗುಂಪಿನವರು ಬೆರಳೆಣಿಕೆಯಷ್ಟು. ದರ್ಜಿ, ಬೇಕರಿಯವನು, ಲಿಫ್ಟ್ ರಿಪೇರಿಯವನು, ಶಾಲೆಯ ಸಂಗೀತದ ಮೇಡಂ, ಇನ್ನು ನಾಲ್ಕಾರು ಜನ. ಗುಬ್ಬಿಗೆ ಇವರೆಲ್ಲ ಗೊತ್ತು. ಮೇಡಂ ಅವರ ರಕ್ತ ಹಾಕಿದ ದಿನ ಗುಬ್ಬಿ ಆಟೋದಲ್ಲಿ ಕೂತು ಗಂಟಲು ಹರಿಯುವ ಹಾಗೆ ಹಾಡುವಳು. ದರ್ಜಿಯದು ಹಾಕಿದ ದಿನ, "ಅಜ್ಜಿ, ಇವತ್ತು ನಿನ್ನ ಲಂಗ ನಾನೇ ಹೊಲೀತೀನಿ" ಎನ್ನುವಳು. ಬೇಕರಿಯವನದು ಹಾಕಿದಾಗ ಬರೀ ಹಸಿವು ಎಂದು ದೂರುವಳು.

ಹೀಗೆ ನಡೆಯುತ್ತಿದ್ದಾಗ, ಗಡಿಯಾಚೆಯ ದೇಶದ ಮೇಲೆ ನಾವೇ ಮೊದಲು ಅಣುಬಾಂಬು ಹಾಕಬೇಕೇ ಎಂಬ ಮಾತು ಎದ್ದಿತು. ಮೊದಮೊದಲು ಯಾರೋ ನಿವೃತ್ತ ಅಧಿಕಾರಿಗಳು ಟೀವಿಯಲ್ಲಿ ಆಡುತ್ತಿದ್ದ ಮಾತು. ಅವರು ಸಿದ್ಧರಾಗುತ್ತಿದ್ದಾರೆ, ಅವರು ಹಾಕುವ ಮುಂಚೆ ನಾವು ಅವರ ಬಾಂಬುಗಳನ್ನು ನೆಲದಲ್ಲೇ ಸುಟ್ಟುಬಿಟ್ಟರೆ ಪೀಡೆ ಕಳೆಯಿತು ಎಂದು. ನೋಡನೋಡುತ್ತ ಅದು ಮಂತ್ರಿಗಳ ಬಾಯಿಗೆ ಬಂತು. ನಿರ್ಧಾರವಾಗಿಲ್ಲ, ಪರಿಶೀಲನೆಯಲ್ಲಿದೆ ಎಂದರು. ಹಾಗೆಂದ ಮಾರನೆಯ ದಿನವೇ ಅಂಗಡಿಗಳಲ್ಲಿ ಮೇಣದಬತ್ತಿ ಸಿಗದಂತಾಯಿತು.

ಒಂದು ಬೆಳಗ್ಗೆ ರಕ್ತನಿಧಿಗೆ ಸೇನೆಯ ಅಧಿಕಾರಿಯೊಬ್ಬರು ಬಂದರು. ಒಳ್ಳೆಯ ಮನುಷ್ಯನೇ. ಬೂಟು ಒರೆಸಿಕೊಂಡು ಒಳಗೆ ಬಂದರು, ಸೂಜಿಯಕ್ಕ ನಿಂತಿದ್ದಳೆಂದು ತಾವೂ ಕೂರಲಿಲ್ಲ. ಎಲ್ಲ ಊರಿನ ರಕ್ತನಿಧಿಗಳೂ ಈ ವಾರದೊಳಗೆ ತುಂಬಬೇಕು ಎಂದರು.

"ಯುದ್ಧ ಆಗುತ್ತಾ ಸಾರ್?" ಎಂದು ಸೂಜಿಯಕ್ಕ ಕೇಳಿದಳು.

"ಇಲ್ಲಮ್ಮ, ಬರೀ ಯೋಚನೆ ನಡೀತಿದೆ. ನಾವೇ ಮೊದಲು ಹಾಕಿದ್ರೆ ಅವರ ಹತ್ರ ತಿರುಗಿ ಹಾಕೋಕೆ ಏನೂ ಉಳಿಯಲ್ಲ ಅಂತ ಲೆಕ್ಕ. ಅಕಸ್ಮಾತ್ ಒಂದೆರಡು ಉಳಿದು ಈ ಕಡೆ ಬಂದ್ರೆ ಅಂತ ಈ ಏರ್ಪಾಡು."

"ಒಂದೆರಡು ಬಂದ್ರೆ ಎಷ್ಟು ರಕ್ತ ಬೇಕಾಗುತ್ತೆ?"

ಅಧಿಕಾರಿ ಕಿಟಕಿಯ ಕಡೆ ನೋಡಿದರು. "ನಿಮ್ಮ ಕೈಲಾದಷ್ಟು ತುಂಬಿಸಿ. ಇದು ನಿಮ್ಮಿಂದ ಮಾತ್ರ ಆಗೋ ಕೆಲಸ ಅಂತ ಎಲ್ರೂ ಹೇಳಿದ್ರು."

ಆ ಮಾತು ಅವಳನ್ನು ಹೊಕ್ಕಿತು. ಅಷ್ಟು ವರ್ಷ ದುಡಿದರೂ ಆಸ್ಪತ್ರೆಯವರು ಯಾರೂ ಅವಳಿಗೆ ಹೀಗೆ ಹೇಳಿರಲಿಲ್ಲ. ಜೊತೆಗೆ ಹೆದರಿಕೆ. ಊರಿಗೆ ಊರೇ ಹೆದರಿ ಕೈಕಟ್ಟಿ ಕೂತಿದ್ದಾಗ ಮಾಡಲು ಒಂದು ಕೆಲಸ ಸಿಕ್ಕಿದ್ದೇ ಅವಳ ಕಾಲಿಗೆ ಚಕ್ರ ಬಂದ ಹಾಗಾಯಿತು. ಕೂರಲಿಲ್ಲ, ನೀರು ಕೇಳಲಿಲ್ಲ. ಮೆಟ್ಟಿಲ ಬುಡದಿಂದಲೇ ಕೂಗಿ ಕರೆದಳು. ಗಂಡನನ್ನೂ ಕರೆದಳು, ಹೆಂಡತಿಯನ್ನೂ ಕರೆದಳು. ಅಣ್ಣ ತಮ್ಮ ಇಬ್ಬರನ್ನೂ ಒಂದೇ ಆಟೋದಲ್ಲಿ ಹತ್ತಿಸಿದಳು. ಸೂಜಿ ಎಂದರೆ ಮಂಚದ ಕೆಳಗೆ ಹೋಗುತ್ತಿದ್ದ ಲಿಫ್ಟ್ ರಿಪೇರಿಯವನು ಕೂಡ ತಾನಾಗಿ ಬಂದು ಅಂಗಿಯ ತೋಳು ಮಡಚಿದ. ಸಾಲು ಗೇಟಿನಾಚೆಗೂ ಬೆಳೆಯಿತು. ಜನ ನಗುತ್ತಿದ್ದರು, ಬಿಸ್ಕತ್ತು ಹಂಚಿಕೊಳ್ಳುತ್ತಿದ್ದರು.

ರಕ್ತನಿಧಿಯ ಡಾಕ್ಟರಮ್ಮ ಎರಡನೆಯ ದಿನ ಅವಳನ್ನು ಬದಿಗೆ ಕರೆದರು. "ಅಕ್ಕಾ, ಎಲ್ಲರನ್ನೂ ಒಟ್ಟಿಗೆ ಖಾಲಿ ಮಾಡ್ತಿದ್ದೀರಿ. ಯಾವಾಗ್ಲೂ ಹೀಗೆ ಮಾಡೋದು ಬೇಡ ಅನ್ನೋರು ನೀವೇ."

"ಮೇಲಿನವರ ಆರ್ಡರ್ ಅಲ್ವಾ ಡಾಕ್ಟರಮ್ಮ. ಬಾಂಬು ಬಿದ್ದರೆ ಮೂರು ತಿಂಗಳ ಮೇಲಿನ ಮಾತು ಯಾರಿಗೆ ಬೇಕು?"

ವಾರ ಮುಗಿಯುವಷ್ಟರಲ್ಲಿ ಫ್ರಿಜ್ಜಿನ ತಟ್ಟೆಗಳಲ್ಲಿ ಚೀಲಗಳನ್ನು ಒತ್ತೊತ್ತಾಗಿ ಜೋಡಿಸಬೇಕಾಯಿತು. ಪತ್ರಿಕೆಯಲ್ಲಿ ಸಾಲಿನ ಚಿತ್ರ ಬಂತು. ಸೂಜಿಯಕ್ಕ ಮೂಲೆಯಲ್ಲಿ ಕೈ ಎತ್ತಿ ಯಾರನ್ನೋ ಕರೆಯುತ್ತಿದ್ದದ್ದು ಕಾಣುತ್ತಿತ್ತು. ಅದೇ ಸಂಜೆ ಅಧಿಕಾರಿ ಬಂದು ಫ್ರಿಜ್ಜಿಗೆ ಎರಡು ಬೀಗ ಹಾಕಿಸಿ, ಬಾಗಿಲಲ್ಲಿ ಒಬ್ಬ ಸಿಪಾಯಿಯನ್ನು ನಿಲ್ಲಿಸಿ ಹೋದರು.

ಕೆಲವು ದಿನ ಕಳೆದು ಅವಳು ದರ್ಜಿ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾಗ ರೇಡಿಯೋ ವಾರ್ತೆ ಬಂತು. ಗಡಿಯಾಚೆಯವರು ಹೇಳಿಕೆ ಕೊಟ್ಟಿದ್ದರು. ಈ ದೇಶ ಊರೂರಿನಲ್ಲಿ ರಕ್ತ ಕೂಡಿಡುತ್ತಿದೆ, ಹೊಡೆಯಲು ಹೊರಟವರಲ್ಲದೆ ಬೇರೆ ಯಾರೂ ಹೀಗೆ ಮಾಡುವುದಿಲ್ಲ, ಆದ್ದರಿಂದ ನಾವೂ ನಮ್ಮ ಕ್ಷಿಪಣಿಗಳನ್ನು ಎಬ್ಬಿಸಿ ನಿಲ್ಲಿಸಿದ್ದೇವೆ ಎಂದು. ಅದರ ಬೆನ್ನಿಗೇ ಈ ಕಡೆಯ ಮಂತ್ರಿಯ ಮಾತು. ಅವರು ಎಬ್ಬಿಸಿ ನಿಲ್ಲಿಸಿದ್ದಾರೆ, ಹಾಗಾಗಿ ನಾವು ಬೇಗ ಯೋಚಿಸಬೇಕಾಗಿದೆ ಎಂದು.

"ಬೇಗ ಯೋಚಿಸೋದೇನು, ಹಾಕಿಬಿಡಬೇಕು" ಎಂದ ಬೇಕರಿಯವನು. ಅಂಗಿಯ ಗುಂಡಿ ಹಾಕಿಸಿಕೊಳ್ಳಲು ಬಂದಿದ್ದ. "ಬೀದಿ ಜಗಳದಲ್ಲೇ ನೋಡಿ. ಮೊದಲು ಹೊಡೆದೋನಿಗೇ ಲಾಭ."

ದರ್ಜಿ ಹಲ್ಲಿನಲ್ಲಿ ದಾರ ಕಡಿದ. "ಬೀದಿ ಜಗಳದಲ್ಲಿ ಹೊಡೆದೋನು ಆಮೇಲೆ ಮನೆಗೆ ಹೋಗ್ತಾನೆ. ಇಲ್ಲಿ ಹೊಡೆದ ಮೇಲೆ ಯಾವ ಮನೆಗೆ ಹೋಗ್ತೀಯ ಮಾರಾಯ?"

"ಅವರದ್ದೆಲ್ಲ ಒಂದೇ ಏಟಿಗೆ ಸುಟ್ಟುಹೋದ್ರೆ..."

"ಎಲ್ಲ ಅಂತ ಯಾರು ಎಣಿಸಿದ್ರು? ನಿನ್ನ ಬೇಕರೀಲಿ ಎಷ್ಟು ಇಲಿ ಇದೆ ಅಂತ ನಿನಗೆ ಇವತ್ತಿನವರೆಗೂ ಗೊತ್ತಿಲ್ಲ."

ಸೂಜಿಯಕ್ಕನಿಗೆ ಆ ಮಾತೊಂದೂ ಕಿವಿಗೆ ಬಿದ್ದಿರಲಿಲ್ಲ. ಅವಳು ರೇಡಿಯೋವನ್ನೇ ನೋಡುತ್ತಿದ್ದಳು. "ಅಲ್ಲಾ, ಅವರು ಹೇಳಿದ್ದು ನಾನು ಕರೆದ ಜನದ ವಿಷಯ ಅಲ್ವಾ? ಅದು ಹೊಡೆಯೋಕೆ ಅಲ್ಲ, ಬಿದ್ದರೆ ಇರಲಿ ಅಂತ ಇಟ್ಟಿದ್ದು. ಅವರಿಗೆ ಯಾರಾದ್ರೂ ಹೇಳಬಾರದಾ?"

"ಅವರೂ ಅದನ್ನೇ ಹೇಳ್ತಿದ್ದಾರೆ ಅಕ್ಕಾ" ಎಂದ ದರ್ಜಿ, "ಅವರ ಕ್ಷಿಪಣಿ ಬಗ್ಗೆ."

ತಾನು ಕೂಗಿ ಕರೆದವರನ್ನೆಲ್ಲ ಗಡಿಯಾಚೆ ಯಾರೋ ಕೂತು ಎಣಿಸಿದ್ದರೆಂಬುದು ಅವಳ ತಲೆಯಿಂದ ಹೋಗಲಿಲ್ಲ. ಹೇಳಬೇಕೆಂದರೆ ಅವರ ಮನೆ ಯಾವ ಬೀದಿಯಲ್ಲಿದೆ? ಯಾರ ಕುರ್ಚಿ ಎಳೆದುಕೊಂಡು ಕೂತು, ಯಾರ ಹತ್ತಿರ ನೀರು ಕೇಳುವುದು?

ಅಷ್ಟರಲ್ಲಿ ಗುಬ್ಬಿಯ ಸರದಿ ಬಂತು. ಮಗಳು ಎಂದಿನಂತೆ ಕೂಸಿಗೆ ತಲೆ ಬಾಚಿ, ಬೊಂಬೆ ಚೀಲದಲ್ಲಿಟ್ಟು ಕರೆತಂದಳು. ಸೂಜಿಯಕ್ಕ ಫ್ರಿಜ್ಜಿನ ಕೋಣೆಗೆ ಹೋದರೆ ಸಿಪಾಯಿ ಅಡ್ಡ ನಿಂತ.

"ಅಜ್ಜೀ, ತೆಗೆಯೋ ಹಾಗಿಲ್ಲ."

"ಒಂದು ಚೀಲ ಕಣಪ್ಪಾ. ನನ್ನ ಮೊಮ್ಮಗಳಿಗೆ. ಒಳಗಿರೋದು ನಾನೇ ತಂದಿದ್ದು."

"ನನಗೂ ಗೊತ್ತು. ಆದ್ರೆ ಎರಡು ಬೀಗದಲ್ಲಿ ಒಂದರ ಕೀ ಇಲ್ಲಿ ಇಲ್ವೇ ಇಲ್ಲ, ಸಾಹೇಬ್ರ ಹತ್ರ ಇದೆ. ಅವರಿಗೂ ಮೇಲಿಂದ ಆರ್ಡರ್ ಬರಬೇಕು."

"ನಿನ್ನ ಗುಂಪು ಯಾವುದಪ್ಪಾ?" ಎಂದಳು. ಅಭ್ಯಾಸ ಬಲ, ಕೇಳದೆ ಇರಲಾಗಲಿಲ್ಲ.

ಅವನು ಎಳೆ ಹುಡುಗನ ಹಾಗೆ ನಾಚಿಕೊಂಡ. "ಬಿ ಪಾಸಿಟಿವ್. ನಿಮಗೆ ಬೇಕಾದ ಗುಂಪೇ ಆಗಿದ್ರೂ ಈಗ ಸಿಪಾಯಿಗಳು ನಾವು ಕೊಡೋ ಹಾಗಿಲ್ಲ ಅಜ್ಜೀ."

ಡಾಕ್ಟರಮ್ಮ ಫೋನು ಮಾಡಿದರು. ಬೇರೆ ಊರುಗಳಲ್ಲಿ ಕೇಳಿದರು. ಎಲ್ಲ ಕಡೆಯೂ ಬೀಗ. ಕಡೆಗೆ ಬಾಗಿಲು ಮುಚ್ಚಿ ಮೆಲ್ಲಗೆ ಹೇಳಿದರು: "ಫ್ರಿಜ್ಜಿನೊಳಗೆ ಹೋದದ್ದು ಅವರದು. ಹೋಗದೆ ಇರೋದು ನಮ್ಮದು. ಹೊಸಬರು ಒಬ್ಬರನ್ನ ಕರೆತನ್ನಿ. ಪರೀಕ್ಷೆ ಮುಗಿದ ತಕ್ಷಣ ನೇರ ಮಗುವಿಗೆ ಹಾಕ್ತೀನಿ. ಏನು ಬಂದ್ರೂ ನನ್ನ ತಲೆ ಮೇಲೆ ಇರಲಿ."

ಒಬ್ಬರು ಸಾಕು. ಅಷ್ಟು ವರ್ಷದಲ್ಲಿ ಒಬ್ಬರನ್ನು ತರುವುದು ಅವಳಿಗೆ ಕೆಲಸವೇ ಆಗಿರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟಳು. ಬೀದಿಯ ಕೊನೆಗೆ ಬರುವಷ್ಟರಲ್ಲಿ ನಡಿಗೆ ನಿಧಾನವಾಯಿತು. ತಲೆಯೊಳಗೆ ಒಬ್ಬೊಬ್ಬರನ್ನೇ ತೆಗೆದು ನೋಡಿದಳು. ದರ್ಜಿ ಕೊಟ್ಟಿದ್ದ. ಬೇಕರಿಯವನು ಕೊಟ್ಟಿದ್ದ. ಲಿಫ್ಟ್ ರಿಪೇರಿಯವನನ್ನು ತಾನೇ ಬೆನ್ನು ತಟ್ಟಿ ಮಲಗಿಸಿದ್ದಳು. ಉಳಿದ ನಾಲ್ಕಾರು ಜನರೂ ಅದೇ ಸಾಲಿನಲ್ಲಿ ಇದ್ದರು. ಸಂಗೀತದ ಮೇಡಂ ಒಬ್ಬರೇ ಆ ವಾರ ಜ್ವರವೆಂದು ಬಂದಿರಲಿಲ್ಲ. ಅವರು ಇದ್ದಾರೆ. ಅವರು ಇರಲೇಬೇಕು.

ಮೇಡಂ ಮನೆಯ ಬಾಗಿಲಿಗೆ ಹೊರಗಿನಿಂದ ಹಲಗೆ ಹೊಡೆದಿತ್ತು. ಕೆಳಗಿನ ಮನೆಯವಳು ಬಟ್ಟೆ ಒಣಹಾಕುತ್ತ, "ಹೋದ್ರಲ್ಲ, ಬೆಟ್ಟದ ಕಡೆ. ಬಾಂಬು ಬಿದ್ರೆ ಊರುಗಳ ಮೇಲೇ ಬೀಳೋದಂತೆ. ಹಾರ್ಮೋನಿಯಂ ಒಂದನ್ನ ಹೊತ್ಕೊಂಡು ಹೋದ್ರು" ಎಂದಳು.

"ಯಾವ ಬೆಟ್ಟ?"

"ಅದನ್ನೂ ಹೇಳಲಿಲ್ಲ. ಹೇಳಿದ್ರೆ ಎಲ್ರೂ ಅಲ್ಲಿಗೇ ಬರ್ತಾರೆ ಅಂತಿರಬೇಕು."

ಸೂಜಿಯಕ್ಕ ಅವಳ ಗುಂಪು ಕೇಳಿದಳು. ಎ ಪಾಸಿಟಿವ್. ಆಮೇಲಿನ ದಿನಗಳಲ್ಲಿ ಅವಳು ಗುಂಪು ಗೊತ್ತಿಲ್ಲದ ಜನರನ್ನೆಲ್ಲ ಹಿಡಿದಳು. ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಹೊತ್ತು ಊರು ಬಿಡುತ್ತಿದ್ದವರನ್ನು ತಡೆದು ಕೇಳಿದಳು. ಕೆಲವರು ಹುಚ್ಚಿ ಎಂದುಕೊಂಡರು. ಬಂದ ಕೆಲವರ ಗುಂಪು ಹೊಂದಲಿಲ್ಲ. ಅಳಿಯ ಪೆಟ್ರೋಲ್ ಟ್ಯಾಂಕರ್ ಓಡಿಸುವವನು, ಅವನನ್ನು ಸೇನೆಯ ಡ್ಯೂಟಿಗೆ ಕರೆದೊಯ್ದಿದ್ದರು. ಅವನದೂ ಬೇರೆ ಗುಂಪೇ, ಮಗಳದೂ ಬೇರೆ.

ದರ್ಜಿ ಅಂಗಡಿ ಮುಚ್ಚಿ ತಾನಾಗಿ ಬಂದ. "ನನ್ನದೇ ಇನ್ನೊಂದು ಸಲ ತಗೊಳ್ಳಿ" ಎಂದು ತೋಳು ಚಾಚಿದ. ಡಾಕ್ಟರಮ್ಮ ಅವನ ಕಣ್ಣಿನ ರೆಪ್ಪೆ ಎಳೆದು ನೋಡಿ, "ನೀವು ಹೋಗಿ ಮಲಗಿ. ಇಲ್ಲಾಂದ್ರೆ ನಿಮಗೇ ಒಬ್ಬರನ್ನ ಹುಡುಕಬೇಕಾಗುತ್ತೆ" ಎಂದು ಕಳಿಸಿಬಿಟ್ಟರು. ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದ.

ಗುಬ್ಬಿ ದಿನೇ ದಿನೇ ಬಿಳಿಚಿದಳು. ಮೊದಲು ಮೆಟ್ಟಿಲು ಹತ್ತುವುದು ನಿಂತಿತು, ಆಮೇಲೆ ಆಟ ನಿಂತಿತು, ಆಮೇಲೆ ಮಾತು ಕಡಿಮೆಯಾಯಿತು. ಮಗಳು ತಾಯಿಯನ್ನು ಒಂದು ಮಾತೂ ಅನ್ನಲಿಲ್ಲ. ಒಂದೇ ಒಂದು ಸಲ, ಪಾತ್ರೆ ತೊಳೆಯುತ್ತ, ಬೆನ್ನು ಹಾಕಿಕೊಂಡೇ, "ಒಬ್ಬರನ್ನಾದ್ರೂ ಉಳಿಸಿಕೊಳ್ಳಬಾರದಿತ್ತಾ ಅಮ್ಮಾ" ಎಂದಳು. ಸೂಜಿಯಕ್ಕ ಚಪ್ಪಲಿ ಮೆಟ್ಟಿ ಮತ್ತೆ ಬಸ್ ನಿಲ್ದಾಣಕ್ಕೆ ಹೊರಟಳು.

ಫ್ರಿಜ್ಜಿನೊಳಗೆ ಓ ನೆಗೆಟಿವ್ ಚೀಲಗಳಿಗೆ ವಯಸ್ಸಾಗುತ್ತಿತ್ತು. ಕೆಟ್ಟುಹೋಗುವ ಮುಂಚೆ ಒಂದನ್ನಾದರೂ ಬಿಟ್ಟುಕೊಡಿ ಎಂದು ಡಾಕ್ಟರಮ್ಮ ಅಧಿಕಾರಿಗೆ ಫೋನು ಮಾಡಿದರು. ಅಧಿಕಾರಿ ತಮ್ಮ ಮೇಲಿನವರಿಗೆ ಮಾಡಿದರು. ಸೂಜಿಯಕ್ಕ ಮೇಜಿನ ಪಕ್ಕದಲ್ಲೇ ನಿಂತಿದ್ದಳು. ಉತ್ತರ ಬಂದಾಗ ಡಾಕ್ಟರಮ್ಮ ಫೋನನ್ನು ಮೆಲ್ಲಗೆ ಇಟ್ಟರು.

"ಏನಂದ್ರು?"

"ಇಲ್ಲ ಅನ್ನಲಿಲ್ಲ. ಪರಿಶೀಲಿಸ್ತೀವಿ ಅಂದ್ರು."

"ಎಲ್ಲಿಯವರೆಗೆ?"

"ಬಾಂಬು ಹಾಕೋದೋ ಬೇಡವೋ ಅಂತ ತೀರ್ಮಾನ ಆಗೋವರೆಗೂ ಬೀಗ ತೆಗೆಯಲ್ಲವಂತೆ. ಈಗ ತೆಗೆದ್ರೆ ನಾವು ಹಿಂದೆ ಸರಿದ್ವಿ ಅಂತ ಗಡಿಯಾಚೆಯವರು ತಿಳ್ಕೋತಾರಂತೆ."

"ತಿಳ್ಕೊಂಡ್ರೆ ಒಳ್ಳೇದೇ ಅಲ್ವಾ?"

ಡಾಕ್ಟರಮ್ಮ ಅವಳ ಮುಖ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

ಚೀಲಗಳ ಐದು ವಾರದ ವಾಯಿದೆ ಮುಗಿದ ಬೆಳಗ್ಗೆ ಕೀ ಬಂತು. ಕೆಟ್ಟದ್ದನ್ನು ಹೊರಗೆ ಹಾಕಲು. ಸಿಪಾಯಿ ಎರಡೂ ಬೀಗ ತೆಗೆದ. ಟೆಕ್ನಿಷಿಯನ್ ಚೀಲಗಳನ್ನು ಹಳದಿ ಡಬ್ಬಕ್ಕೆ ತುಂಬಿ, ಬೇಯಿಸಿ ನಾಶ ಮಾಡುವ ಯಂತ್ರದ ಕಡೆ ತಳ್ಳಿಕೊಂಡು ಹೋದ. ಸೂಜಿಯಕ್ಕ ಗೋಡೆಗೆ ಒರಗಿ ದಾರಿ ಬಿಟ್ಟಳು. ಇದು ದರ್ಜಿಯದು, ಇದು ಬೇಕರಿಯವನದು ಎಂದು ಅವಳ ತುಟಿ ಆಡುತ್ತಿತ್ತು. ಒಂದು ಬಾಂಬೂ ಬಿದ್ದಿರಲಿಲ್ಲ. ಯಾರ ಮೈಗೂ ಒಂದು ಗೀರು ಆಗಿರಲಿಲ್ಲ. ಖಾಲಿಯಾದ ತಟ್ಟೆಗಳನ್ನು ಮತ್ತೆ ತುಂಬಿಸಿ ಎಂಬ ಹೊಸ ಆರ್ಡರ್ ಅದೇ ಮಧ್ಯಾಹ್ನ ಬಂತು.

ಅವಳು ಆಗ ಮಗಳನ್ನೂ ಗುಬ್ಬಿಯನ್ನೂ ಕರೆಸಿಕೊಂಡಳು. ಕೂಸನ್ನು ಹೊರಗಿನ ಬೆಂಚಿನ ಮೇಲೆ ಮಲಗಿಸಿ ಒಳಗೆ ಬಂದಳು.

"ಡಾಕ್ಟರಮ್ಮ, ನನ್ನದೂ ಓ ನೆಗೆಟಿವ್."

"ಗೊತ್ತು ಅಕ್ಕಾ. ನಿಮಗೆ ಕೊಡೋ ವಯಸ್ಸು ದಾಟಿ ಎಷ್ಟು ವರ್ಷ ಆಯ್ತು!"

"ಜನಕ್ಕೆಲ್ಲ ಏನೂ ಆಗಲ್ಲ ಬಾ, ಇರುವೆ ಕಚ್ಚಿದ ಹಾಗೆ ಅಂತ ಹೇಳಿ ಕರ್ಕೊಂಡು ಬಂದೋಳು ನಾನು. ಕಾನೂನು ನಾಳೆ ನೋಡಿ. ಈವತ್ತು ತೆಗೀರಿ."

ಡಾಕ್ಟರಮ್ಮ ಟೆಕ್ನಿಷಿಯನ್ ಕಡೆ ತಲೆಯಾಡಿಸಿದರು. ಅವನು ಗಾಜಿನ ಲೋಟದಲ್ಲಿ ನೀಲಿ ದ್ರಾವಣ ತಂದು ಮೇಜಿನ ಮೇಲಿಟ್ಟ. ರಕ್ತ ಗಟ್ಟಿಯಿದ್ದರೆ ಹನಿ ಅದರಲ್ಲಿ ತಳಕ್ಕೆ ಇಳಿಯುತ್ತದೆ. ಸಾರವಿಲ್ಲದಿದ್ದರೆ ಮೇಲೆಯೇ ನಿಲ್ಲುತ್ತದೆ. ನಿಂತರೆ ಅಂಥವರಿಂದ ತೆಗೆಯುವುದಿಲ್ಲ.

ಅವನು ಅವಳ ಉಂಗುರದ ಬೆರಳು ಒರೆಸಿ ಚುಚ್ಚಿದ. ಹನಿ ನೀಲಿಯಲ್ಲಿ ಬಿತ್ತು. ಮೂರು ಜನರೂ ಬಗ್ಗಿ ನೋಡಿದರು. ಸ್ವಲ್ಪ ಇಳಿದ ಹಾಗೆ ಮಾಡಿ, ಹನಿ ತಿರುಗಿ ಮೇಲಕ್ಕೆ ಬಂದು ಹಾಗೇ ನಿಂತಿತು.

"ಕೈ ತಣ್ಣಗಿತ್ತು ಅನ್ಸುತ್ತೆ" ಎಂದಳು ಸೂಜಿಯಕ್ಕ. ಎರಡೂ ಅಂಗೈ ಉಜ್ಜಿ, ಇನ್ನೊಂದು ಬೆರಳು ಚಾಚಿದಳು. ಅವನು ಚುಚ್ಚಿದ. ಅದೂ ತೇಲಿತು.

"ಅಕ್ಕಾ, ಈ ತಿಂಗಳೆಲ್ಲ ನೀವು ಊಟ ಮಾಡಿದ್ದೀರಾ?" ಎಂದರು ಡಾಕ್ಟರಮ್ಮ.

ಅವಳು ಎಡಗೈ ಮುಂದೆ ಮಾಡಿದಳು. ಟೆಕ್ನಿಷಿಯನ್ ಡಾಕ್ಟರಮ್ಮನನ್ನು ನೋಡಿದ. ಅವರು ಲೋಟದಿಂದ ಕಣ್ಣು ತೆಗೆಯಲಿಲ್ಲ. ಅವನು ಮೆಲ್ಲಗೆ ಚುಚ್ಚಿದ.

ಬಾಗಿಲಲ್ಲಿ ಮಗಳು ಬಂದು ನಿಂತಿದ್ದಳು. ಹೆಗಲ ಮೇಲೆ ಗುಬ್ಬಿ, ಕಣ್ಣು ಅರ್ಧ ಮುಚ್ಚಿತ್ತು. "ಅಜ್ಜೀ" ಎಂದಳು ಕೂಸು, ಉಸಿರಿಗಿಂತ ಸಣ್ಣಗೆ, "ಈ ಸಲ ಯಾರದು ಹಾಕ್ತಾರೆ?"

ಸೂಜಿಯಕ್ಕ ತಲೆ ಎತ್ತಲಿಲ್ಲ. ಲೋಟದ ಮೇಲೆ ಬಗ್ಗಿ, ಮೂರನೆಯ ಹನಿ ಇಳಿಯುತ್ತದೆಯೋ ಎಂದು ನೋಡುತ್ತಲೇ ಇದ್ದಳು.